ರಾತ್ರಿ ಮಾಡಿಟ್ಟ ಟ್ರೈಫಲ್ ಬೆಳಿಗ್ಗೆ ಕೆಟ್ಟಿದ್ದರೆ: ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ಟ್ರೈಫಲ್ ಮಾಡುವುದು ಕಷ್ಟವಲ್ಲ. ರಾತ್ರಿ ಮಾಡಿಟ್ಟದ್ದನ್ನು ಮರುದಿನ ಊಟದ ಹೊತ್ತಿಗೆ ಹಾಗೇ ಉಳಿಸಿಕೊಳ್ಳುವುದು ಕಷ್ಟ. ಕಾರವಾರ, ಅಂಕೋಲಾ, ಕುಮಟಾ ಕಡೆಯ ಸೆಕೆಯಲ್ಲಂತೂ ಇನ್ನೂ ಕಷ್ಟ. ಕ್ರಿಸ್‌ಮಸ್‌ಗೋ, ಮೇ ರಜೆಯಲ್ಲಿ ನೆಂಟರು ಬರುತ್ತಾರೆಂದೋ ಚೆಂದದ ಗಾಜಿನ ಬೌಲಿನಲ್ಲಿ ಕೇಕು, ಹಣ್ಣು, ಕಸ್ಟರ್ಡು, ಕ್ರೀಂ ಎಂದು ಪದರ ಪದರವಾಗಿ ಜೋಡಿಸಿ ಫ್ರಿಜ್ಜಿಗೆ ಇಟ್ಟಿರುತ್ತೀರಿ. ಬೆಳಿಗ್ಗೆ ನೋಡಿದರೆ ತಳದಲ್ಲಿ ನೀರು, ಮೇಲೆ ಕುಸಿದ ಕ್ರೀಂ. ರೆಸಿಪಿ ಸರಿಯಾಗೇ ಇತ್ತಲ್ಲ ಅನಿಸುತ್ತದೆ.

ಹೆಚ್ಚಿನ ಸಲ ರೆಸಿಪಿ ಸರಿಯೇ ಇರುತ್ತದೆ. ರಾತ್ರಿಯ ಎಂಟು ಹತ್ತು ತಾಸಿನಲ್ಲಿ ಒಳಗೆ ನಡೆಯುವ ಕೆಲಸ ಬೇರೆ. ಹಣ್ಣು ನೀರು ಬಿಡುತ್ತದೆ, ಕೇಕು ಹೀರುತ್ತದೆ, ಅರೆಬೆಂದ ಕಸ್ಟರ್ಡ್ ಸಡಿಲಾಗುತ್ತದೆ. ಇದರಲ್ಲಿ ಯಾವುದು ಕೈಕೊಟ್ಟಿತು ಎಂದು ಬೌಲಿನ ಪಕ್ಕದಿಂದಲೇ ತಿಳಿಯಬಹುದು. ಹಾಗಾಗಿ ಚಮಚ ಹಾಕಿ ಕದಡುವ ಮೊದಲು ಬೌಲನ್ನು ಬೆಳಕಿಗೆ ಹಿಡಿದು ಒಂದು ಸುತ್ತು ನೋಡಿ. ಒಮ್ಮೆ ಕದಡಿದರೆ ಗುರುತು ಅಳಿಸಿಹೋಗುತ್ತದೆ.

ಹೋಲಿಸಿ ನೋಡಲು ಒಂದು ಅಳತೆ ಇಟ್ಟುಕೊಳ್ಳೋಣ. ಎಂಟು ಜನಕ್ಕೆ ಸುಮಾರು 250 ಗ್ರಾಂ ಸಾದಾ ಸ್ಪಂಜ್ ಕೇಕ್, ಅರ್ಧ ಲೀಟರ್ ಹಾಲಿಗೆ ಮೂರೂವರೆ ದೊಡ್ಡ ಚಮಚ ಕಸ್ಟರ್ಡ್ ಪುಡಿ, ಅರ್ಧ ಕಿಲೋ ಹೆಚ್ಚಿದ ಹಣ್ಣು, 200 ಮಿಲಿ ಕ್ರೀಂ, ಕೇಕಿಗೆ ಚಿಮುಕಿಸಲು 60 ಮಿಲಿ ರಮ್ ಮತ್ತು ಅಷ್ಟೇ ಸಕ್ಕರೆ ಪಾಕ. ನಿಮ್ಮದು ಇದಕ್ಕಿಂತ ತೀರಾ ಬೇರೆ ಇದ್ದರೆ ಅಲ್ಲಿಂದಲೇ ಅನುಮಾನ ಶುರುಮಾಡಿ.

ಎಲ್ಲಕ್ಕಿಂತ ಮೊದಲು: ಇದನ್ನು ತಿನ್ನಬಹುದೇ?

ನೀರಾಗಿದೆಯೋ ಗಟ್ಟಿ ಇದೆಯೋ ಎನ್ನುವುದು ಆಮೇಲಿನ ಮಾತು. ಬೌಲು ಎಷ್ಟು ಹೊತ್ತು ತಣ್ಣಗಿತ್ತು, ಎಷ್ಟು ಹೊತ್ತು ಹೊರಗಿತ್ತು ಎಂದು ಮೊದಲು ಲೆಕ್ಕ ಹಾಕಿ. ಹಾಲು, ಕ್ರೀಂ, ಮೊಟ್ಟೆ ಇರುವ ತಿಂಡಿಯನ್ನು 5 ಡಿಗ್ರಿಗಿಂತ ಕೆಳಗೆ ಇಡಬೇಕು. ಹೊರಗೆ ಒಟ್ಟು ಎರಡು ತಾಸಿಗಿಂತ ಜಾಸ್ತಿ ಇರಬಾರದು. ಏಪ್ರಿಲ್, ಮೇ ತಿಂಗಳ ನಮ್ಮ ಕರಾವಳಿಯಲ್ಲಿ, ಅಂದರೆ 32 ಡಿಗ್ರಿ ದಾಟಿದ ಅಡುಗೆಮನೆಯಲ್ಲಿ, ಒಂದು ತಾಸೇ ಮಿತಿ. ಬಡಿಸಲು ತೆಗೆದು, ಮತ್ತೆ ಒಳಗಿಟ್ಟು, ಸಂಜೆ ಮತ್ತೆ ತೆಗೆದರೆ ಆ ಹೊತ್ತೆಲ್ಲ ಕೂಡುತ್ತಾ ಹೋಗುತ್ತದೆ.

ಮಳೆಗಾಲದಲ್ಲಿ ರಾತ್ರಿ ಕರೆಂಟು ಹೋಗುವುದು ನಮಗೆ ಹೊಸತಲ್ಲ. ಬಾಗಿಲು ತೆರೆಯದೇ ಇದ್ದರೆ ಫ್ರಿಜ್ಜು ಸುಮಾರು 4 ತಾಸು ತಣ್ಣಗಿರುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಹೋಗಿದ್ದರೆ, ಅಥವಾ ಎಷ್ಟು ಹೊತ್ತು ಹೋಗಿತ್ತೆಂದೇ ತಿಳಿಯದಿದ್ದರೆ, ಟ್ರೈಫಲ್ ಬಿಸಾಡಿ. ರುಚಿ ನೋಡಿ ತೀರ್ಮಾನಿಸಬೇಡಿ. ಕಾಯಿಲೆ ತರುವ ಸೂಕ್ಷ್ಮಾಣುಗಳಿಗೆ ವಾಸನೆ, ರುಚಿ ಇರಲೇಬೇಕೆಂದಿಲ್ಲ.

"ರಮ್ ಹಾಕಿದ್ದೇವಲ್ಲ, ಕೆಡುವುದಿಲ್ಲ" ಎಂದು ಹೇಳುವವರು ಎಲ್ಲ ಮನೆಯಲ್ಲೂ ಇರುತ್ತಾರೆ. ಇದು ತಪ್ಪು, ಅಪಾಯವೂ ಹೌದು. ಮೇಲಿನ ಅಳತೆಯ 60 ಮಿಲಿ ರಮ್ಮಿನಲ್ಲಿ ಮದ್ಯಸಾರ ಇರುವುದು ಸುಮಾರು 26 ಮಿಲಿ. ಅದು ಒಂದೂವರೆ ಕಿಲೋ ತಿಂಡಿಯಲ್ಲಿ ಹರಡಿದಾಗ ಶೇಕಡಾ ಎರಡೂ ಆಗುವುದಿಲ್ಲ. ಅಷ್ಟರಿಂದ ಏನೂ ಕೆಡದಂತೆ ಉಳಿಯುವುದಿಲ್ಲ.

ಲಕ್ಷಣ: ಬೌಲಿನ ತಳದಲ್ಲಿ ನೀರು ನಿಂತಿದೆ

ಅತಿ ಹೆಚ್ಚು ಜನ ಕೇಳುವ ದೂರು ಇದೇ. ಬೌಲನ್ನು ನಿಧಾನವಾಗಿ ಒಂದು ಬದಿಗೆ ವಾಲಿಸಿ. ಗಾಜಿಗೆ ಅಂಟಿಕೊಂಡು ಓಡುವ ನೀರಿನ ಬಣ್ಣ ನೋಡಿ. ಪತ್ತೆಕಾರ್ಯ ಅಲ್ಲಿಗೆ ಅರ್ಧ ಮುಗಿಯಿತು.

ನೀರು ತಿಳಿಯಾಗಿ, ಹಳದಿಯಾಗಿ, ಹಣ್ಣಿನ ಘಮ ಬರುತ್ತಿದ್ದರೆ ಅದು ಹಣ್ಣು ಬಿಟ್ಟ ನೀರು. ಸಕ್ಕರೆ ಬೆರೆಸಿದ ಕೂಡಲೇ ಹಣ್ಣಿನೊಳಗಿನ ನೀರು ಹೊರಗೆ ಬರಲು ಶುರುವಾಗುತ್ತದೆ. ಹೆಚ್ಚಿ, ಸಕ್ಕರೆ ಹಾಕಿ, ತಕ್ಷಣ ಪದರ ಜೋಡಿಸಿದರೆ ಆ ನೀರೆಲ್ಲ ರಾತ್ರಿಯಿಡೀ ಬೌಲಿಗೇ ಇಳಿಯುತ್ತದೆ. ಮದ್ದು ಸುಲಭ, ಖರ್ಚೂ ಇಲ್ಲ. ಹಣ್ಣಿಗೆ ಸಕ್ಕರೆ ಬೆರೆಸಿ ಜರಡಿಯಲ್ಲಿ ಹಾಕಿ, ಕೆಳಗೊಂದು ಪಾತ್ರೆ ಇಟ್ಟು, ಫ್ರಿಜ್ಜಿನಲ್ಲಿ ಒಂದು ತಾಸು ಬಸಿಯಲು ಬಿಡಿ. ಕೆಳಗೆ ಬಿದ್ದ ರಸವನ್ನು ಚೆಲ್ಲಬೇಡಿ. ಕೇಕಿಗೆ ಚಿಮುಕಿಸುವ ಪಾಕಕ್ಕೆ ಅದೇ ಒಳ್ಳೆಯದು.

ಮಾವಿನ ಹಣ್ಣಿನಲ್ಲಿ ಈ ತೊಂದರೆ ಎಷ್ಟು ಎನ್ನುವುದು ಹಣ್ಣಿನ ಮೇಲೆ ನಿಂತಿದೆ. ಅಂಕೋಲಾದ ಕರಿ ಇಶಾಡ ನನ್ನ ಲೆಕ್ಕದಲ್ಲಿ ಟ್ರೈಫಲಿಗೆ ಹೇಳಿ ಮಾಡಿಸಿದ ಹಣ್ಣು. ತೆಳು ಸಿಪ್ಪೆ, ದಪ್ಪ ತಿರುಳು, ನಾರು ಕಡಿಮೆ, ಸಕ್ಕರೆ ಬೇಕೇ ಆಗುವುದಿಲ್ಲ. 2023ರಲ್ಲಿ ಅದಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿತು. ಆದರೆ ಹೆದ್ದಾರಿ ಬದಿ ಬುಟ್ಟಿ ಇಟ್ಟು ಕೂತ ಹಾಲಕ್ಕಿ ಸಮುದಾಯದ ಹೆಂಗಸರ ಹತ್ತಿರ ಕೊಳ್ಳುವಾಗ ಇವತ್ತೇ ತಿನ್ನುವ ಹಣ್ಣು ಬೇಡ, ನಾಳೆ ತಿನ್ನುವಂಥದ್ದು ಕೊಡಿ ಎಂದು ಕೇಳಿ. ಒತ್ತಿದರೆ ಬೆರಳು ಒಳಗೆ ಹೋಗುವ ಹಣ್ಣನ್ನು ತುಂಡು ಮಾಡಿ ಹಾಕಿದರೆ ಬೆಳಗಾಗುವುದರೊಳಗೆ ರಸವಾಗಿರುತ್ತದೆ. ಅಂಥದ್ದನ್ನು ತುಂಡಾಗಿ ಹಾಕಬೇಡಿ. ರುಬ್ಬಿ, ಒಲೆಯ ಮೇಲೆ ಸ್ವಲ್ಪ ಬತ್ತಿಸಿ, ತಣಿಸಿ ಪದರವಾಗಿ ಹಾಕಿ. ಕಲ್ಲಂಗಡಿ, ಕಿತ್ತಳೆ, ದ್ರಾಕ್ಷಿಯ ಹೋಳು ಇವನ್ನೆಲ್ಲ ರಾತ್ರಿ ಹಾಕುವುದೇ ಬೇಡ. ಬಡಿಸುವ ಮುಂಚೆ ಮೇಲೆ ಇಟ್ಟರಾಯಿತು.

ನೀರು ಕಂದು ಬಣ್ಣವಾಗಿ ರಮ್ ವಾಸನೆ ಬರುತ್ತಿದ್ದರೆ ಕೇಕಿಗೆ ಹಾಕಿದ ಪಾಕ ಜಾಸ್ತಿಯಾಗಿದೆ, ಇಲ್ಲವೇ ಕೇಕು ತೀರಾ ತಾಜಾ ಇತ್ತು. ಆಗಷ್ಟೇ ಬೆಂದ ಮೆತ್ತನೆಯ ಕೇಕಿನಲ್ಲಿ ಮೊದಲೇ ಪಸೆ ಇರುತ್ತದೆ, ಹೀರಲು ಜಾಗ ಇರುವುದಿಲ್ಲ. ಬೇಕರಿಯಲ್ಲಿ ನಿನ್ನೆಯ ಸ್ಪಂಜ್ ಇದ್ದರೆ ಅದನ್ನೇ ಕೇಳಿ ತನ್ನಿ. ಇಲ್ಲದಿದ್ದರೆ ಒಂದು ಇಂಚಿನ ತುಂಡು ಮಾಡಿ ಸಣ್ಣ ಉರಿಯ ತವೆಯ ಮೇಲೆ ಅಂಚು ಗರಿಯಾಗುವಷ್ಟು ಒಣಗಿಸಿ. ನಮ್ಮ ಕಡೆಯ ಹವೆಯಲ್ಲಿ ರಾತ್ರಿ ತೆರೆದಿಟ್ಟರೆ ಕೇಕು ಒಣಗುವುದಿಲ್ಲ, ಇನ್ನಷ್ಟು ತೇವವಾಗುತ್ತದೆ. ಘಟ್ಟದ ಮೇಲೆ ಶಿರಸಿಯಲ್ಲಿ ಬೇಸಿಗೆಯಲ್ಲಾದರೆ ಆ ಉಪಾಯ ನಡೆದೀತು. ಪಾಕವನ್ನು ಸುರಿಯಬೇಡಿ, ಚಮಚದಿಂದ ಚಿಮುಕಿಸಿ. ಕೇಕಿನ ತುಂಡನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಒತ್ತಿ ನೋಡಿ. ತೇವ ತಾಗಬೇಕು, ಹನಿ ಬೀಳಬಾರದು.

ಇನ್ನು ನೀರು ಬಿಳಿಯಾಗಿ, ಮಜ್ಜಿಗೆ ನೀರಿನ ಹಾಗೆ ಮಬ್ಬಾಗಿದ್ದರೆ ದೋಷ ಕಸ್ಟರ್ಡಿನದು. ಮುಂದಿನ ಭಾಗ ನೋಡಿ.

ಈ ಸಲಕ್ಕೆ ಉಳಿಸಿಕೊಳ್ಳುವುದು ಹೇಗೆ ಅಂದರೆ, ಬೌಲು ವಾಲಿಸಿ ಅಂಚಿನಿಂದ ಚಮಚದಲ್ಲಿ ನೀರು ತೆಗೆಯಿರಿ. ಅಥವಾ ತಳಕ್ಕೆ ತಲುಪುವ ಹಾಗೆ ಬದಿಯಿಂದ ಎರಡು ಮೂರು ಒಣ ರಸ್ಕ್ ತುಂಡುಗಳನ್ನು ಇಳಿಸಿ ಅರ್ಧ ತಾಸು ಬಿಡಿ. ಅವು ನೀರು ಕುಡಿದು ಕೇಕಿನ ಜೊತೆ ಸೇರಿಹೋಗುತ್ತವೆ.

ಲಕ್ಷಣ: ರಾತ್ರಿ ಗಟ್ಟಿ ಇದ್ದ ಕಸ್ಟರ್ಡ್ ಬೆಳಿಗ್ಗೆ ತೆಳ್ಳಗಾಗಿದೆ

ಜನರಿಗೆ ಅತಿ ಹೆಚ್ಚು ಗಲಿಬಿಲಿ ಮಾಡುವುದು ಇದು. ಒಲೆಯ ಮೇಲೆ ಚೆನ್ನಾಗೇ ಗಟ್ಟಿಯಾಗಿತ್ತು, ಕಣ್ಣಾರೆ ನೋಡಿದ್ದೀರಿ. ಹಾಗಾದರೆ ಆಮೇಲೆ ಏನಾಯಿತು?

ಅಂಗಡಿಯ ಕಸ್ಟರ್ಡ್ ಪುಡಿ ಅಂದರೆ ಮುಖ್ಯವಾಗಿ ಜೋಳದ ಪಿಷ್ಟ, ಅದೇ ಕಾರ್ನ್‌ಫ್ಲೋರ್, ಜೊತೆಗೆ ಬಣ್ಣ ಮತ್ತು ಘಮ. ಪಿಷ್ಟದ ಕಾಳುಗಳು ಬಿಸಿಯಲ್ಲಿ ನೀರು ಹೀರಿ ಉಬ್ಬಿದಾಗ ಹಾಲು ಗಟ್ಟಿಯಾಗುತ್ತದೆ. ಗಟ್ಟಿಯಾಗಲು ಶುರುವಾದ ಕೂಡಲೇ ಒಲೆ ಆರಿಸಿದರೆ ಅವು ಪೂರ್ತಿ ಬೆಂದಿರುವುದಿಲ್ಲ. ಅಂಥ ಕಸ್ಟರ್ಡ್ ರಾತ್ರಿಯಲ್ಲಿ ನೀರು ಬಿಡುತ್ತದೆ. ನಾಲಿಗೆಗೆ ಹಸಿ ಹಿಟ್ಟಿನ ರುಚಿ ತಾಗಿದರೆ ಇದೇ ಕಾರಣ ಎಂದು ಖಚಿತ ಮಾಡಿಕೊಳ್ಳಿ. ಮೊದಲ ಗುಳ್ಳೆ ಬಂದ ಮೇಲೂ ತಳ ಹಿಡಿಯದಂತೆ ತಿರುವುತ್ತಾ ಒಂದೆರಡು ನಿಮಿಷ ಕುದಿಯಲು ಬಿಡಿ. ಗುಳ್ಳೆ ಸಣ್ಣಗೆ ಚಿಟಚಿಟ ಎನ್ನುವುದು ಸಾಲದು. ದೊಡ್ಡದಾಗಿ ಎದ್ದು "ಪುಟಕ್" ಎಂದು ಒಡೆಯಬೇಕು. ಆಗ ಮೈಮೇಲೆ ಸಿಡಿಯುತ್ತದೆ, ಉದ್ದ ಹಿಡಿಯ ಸೌಟು ಬಳಸಿ, ಮಕ್ಕಳನ್ನು ದೂರ ಇಡಿ.

ನೀವು ಮೊಟ್ಟೆಯ ಹಳದಿಯನ್ನೂ ಹಾಕಿದ್ದರೆ ಇನ್ನೊಂದು ಸಂಗತಿ ಇದೆ. ಹಳದಿಯಲ್ಲಿ ಅಮೈಲೇಸ್ ಎಂಬ ಕಿಣ್ವ ಇರುತ್ತದೆ. ಅದರ ಕೆಲಸವೇ ಪಿಷ್ಟವನ್ನು ಒಡೆಯುವುದು. ಮೊಟ್ಟೆ ಗಂಟುಗಟ್ಟಿ ಒಡೆದುಹೋದೀತು ಎಂದು ಹೆದರಿ ಕುದಿಸದೇ ಇಳಿಸಿದರೆ ಆ ಕಿಣ್ವ ಜೀವಂತ ಉಳಿಯುತ್ತದೆ. ಫ್ರಿಜ್ಜಿನಲ್ಲೂ ಸುಮ್ನೆ ಕೂರುವುದಿಲ್ಲ, ರಾತ್ರಿಯೆಲ್ಲ ಕಸ್ಟರ್ಡನ್ನು ನೀರು ಮಾಡುತ್ತದೆ. ಪಿಷ್ಟ ಇದ್ದಾಗ ಮೊಟ್ಟೆ ಅಷ್ಟು ಬೇಗ ಒಡೆಯುವುದಿಲ್ಲ, ಧೈರ್ಯವಾಗಿ ಕುದಿಸಿ. ಅರೆಬೆಂದ ಮೊಟ್ಟೆ ಹೊಟ್ಟೆಗೂ ಒಳ್ಳೆಯದಲ್ಲ.

ಮೊಟ್ಟೆಯೂ ಇಲ್ಲ, ಚೆನ್ನಾಗಿ ಕುದಿಸಿದ್ದೂ ಹೌದು, ಆದರೂ ತೆಳ್ಳಗಾಗಿದೆ. ಆಗ ಕೇಳಬೇಕಾದದ್ದು: ರುಚಿ ನೋಡಿದ ಚಮಚವನ್ನೇ ಮತ್ತೆ ಪಾತ್ರೆಗೆ ಹಾಕಿದಿರಾ? ನಮ್ಮ ಎಂಜಲಿನಲ್ಲಿಯೂ ಅದೇ ಜಾತಿಯ ಕಿಣ್ವ ಇದೆ. ತಣಿಯುತ್ತಿರುವ ಕಸ್ಟರ್ಡಿಗೆ ಎಂಜಲು ಚಮಚ ಬಿದ್ದರೆ ಅದು ಬೆಳಗಾಗುವಷ್ಟರಲ್ಲಿ ಸಡಿಲಾಗಬಹುದು. ಅಜ್ಜಿಯರು ಎಂಜಲು ಮುಸುರೆ ಎಂದು ಬೈಯುತ್ತಿದ್ದುದಕ್ಕೆ ಇಲ್ಲಿ ಗಟ್ಟಿ ಕಾರಣವೇ ಇದೆ. ಅಂಥದ್ದನ್ನು ನೆಂಟರಿಗೆ ಬಡಿಸಲೂ ಬೇಡಿ.

ಕೊನೆಯ ಕಾರಣ, ತಣ್ಣಗಾಗಿ ಹಿಡಿದ ಮೇಲೆ ಮತ್ತೆ ಬೀಟರಿನಿಂದ ಕಡೆಯುವುದು. ಒಮ್ಮೆ ಕೂತ ಪಿಷ್ಟವನ್ನು ಒಡೆದರೆ ಅದು ಮೊದಲಿನಷ್ಟು ಗಟ್ಟಿಯಾಗಿ ಮತ್ತೆ ಕೂರುವುದಿಲ್ಲ. ಪದರ ಹಾಕುವುದಿದ್ದರೆ ಇನ್ನೂ ಉಗುರುಬೆಚ್ಚಗೆ ಇರುವಾಗಲೇ ಹಾಕಿ. ಕುದಿಯುವುದನ್ನು ಮಾತ್ರ ಗಾಜಿನ ಬೌಲಿಗೆ ಸುರಿಯಬೇಡಿ. ತಣ್ಣನೆಯ ಗಾಜು ಸೀಳುತ್ತದೆ. ಗಾಜಿನಲ್ಲಿ ಸಣ್ಣ ಗೆರೆ ಕಂಡರೂ ತಿಂಡಿಯನ್ನೆಲ್ಲ ಬಿಸಾಡಿ. ಚೂರು ಹುಡುಕಿ ತೆಗೆದು ತಿನ್ನುವ ಸಾಹಸ ಬೇಡ.

ತೆಳ್ಳಗಾದ ಕಸ್ಟರ್ಡನ್ನು ಅದೇ ಬೌಲಿನಲ್ಲಿ ಸರಿಮಾಡಲು ಆಗುವುದಿಲ್ಲ. ಎಂಜಲು ತಾಗಿಲ್ಲ, ಮೊಟ್ಟೆ ಅರೆಬೆಂದಿಲ್ಲ ಎಂದಾದರೆ ಲೋಟಗಳಿಗೆ ಹಾಕಿ ಫ್ರೂಟ್ ಸಲಾಡ್ ಎಂದು ಬಡಿಸಿ, ರುಚಿಗೇನೂ ಮೋಸವಿಲ್ಲ.

ಲಕ್ಷಣ: ಜೆಲ್ಲಿ ಹಿಡಿಯಲೇ ಇಲ್ಲ

ಅನಾನಸ್ ಹಾಕಿದ್ದೀರಾ? ಬನವಾಸಿ ಕಡೆಯ ಅನಾನಸ್ ಶಿರಸಿ ಪೇಟೆಗೂ ಕರಾವಳಿಗೂ ಧಾರಾಳ ಬರುತ್ತದೆ, ಘಮಘಮ ಇರುತ್ತದೆ, ಹಾಗಾಗಿ ಹೆಚ್ಚಿನವರು ಹಸಿಯಾಗಿಯೇ ಹಾಕುತ್ತಾರೆ. ಹಸಿ ಅನಾನಸ್ಸಿನಲ್ಲಿ ಬ್ರೊಮೆಲೈನ್ ಎಂಬ ಕಿಣ್ವ ಇದೆ. ಅದು ಪ್ರೋಟೀನನ್ನು ಕತ್ತರಿಸುತ್ತದೆ. ಜೆಲಾಟಿನ್ ಅಂದರೆ ಪ್ರೋಟೀನೇ. ಎಷ್ಟು ಹೊತ್ತು ಕಾದರೂ ಅದು ಹಿಡಿಯುವುದಿಲ್ಲ, ಇನ್ನಷ್ಟು ಜೆಲಾಟಿನ್ ಸುರಿದರೂ ಅಷ್ಟೇ. ಪಪ್ಪಾಯ, ಕಿವಿ, ಹಸಿ ಅಂಜೂರ, ಹಸಿ ಶುಂಠಿ ಇವೂ ಇದೇ ಗುಂಪು. ತುಂಡುಗಳನ್ನು ಸಕ್ಕರೆಯೊಂದಿಗೆ ಕುದಿ ಬಂದ ಮೇಲೆ ಐದು ನಿಮಿಷ ಬೇಯಿಸಿದರೆ ಕಿಣ್ವ ಸಾಯುತ್ತದೆ. ಡಬ್ಬಿಯ ಅನಾನಸ್ ಮೊದಲೇ ಬೆಂದಿರುತ್ತದೆ, ಅದರಿಂದ ತೊಂದರೆಯಿಲ್ಲ.

ಜೆಲ್ಲಿ ಪೊಟ್ಟಣದ ಮೇಲೆ ಹಸಿರು ಗುರುತು ಇದೆಯೇ ನೋಡಿ. ಇದ್ದರೆ ಅದರಲ್ಲಿ ಜೆಲಾಟಿನ್ ಇಲ್ಲ. ಕ್ಯಾರಗೀನನ್ ಅಥವಾ ಅಗರ್ ಥರದ ಸಸ್ಯಮೂಲದ ವಸ್ತು ಇರುತ್ತದೆ. ಅನಾನಸ್ಸಿನ ಮೇಲೆ ಗೂಬೆ ಕೂರಿಸಬೇಡಿ. ನೀರಿನ ಅಳತೆ ಜಾಸ್ತಿಯಾಗಿದೆ, ಇಲ್ಲವೇ ಪುಡಿ ಸರಿಯಾಗಿ ಕುದಿದು ಕರಗಿಲ್ಲ.

ಕರಾವಳಿಯವರಿಗೆ ನನ್ನ ಸಲಹೆ, ಜೆಲಾಟಿನ್ ಬಿಟ್ಟು ಚೈನಾ ಗ್ರಾಸ್, ಅಂದರೆ ಅಗರ್ ಬಳಸಿ. ಜೆಲಾಟಿನ್ 30 ಡಿಗ್ರಿ ದಾಟಿದರೆ ಕರಗಲು ಶುರುವಾಗುತ್ತದೆ. ಮೇ ತಿಂಗಳಲ್ಲಿ ನಮ್ಮ ಊಟದ ಮೇಜೇ ಅದಕ್ಕಿಂತ ಬಿಸಿ ಇರುತ್ತದೆ, ಅಲ್ವಾ? ಚೈನಾ ಗ್ರಾಸ್ ಒಮ್ಮೆ ಹಿಡಿದರೆ 80 ಡಿಗ್ರಿ ದಾಟುವ ತನಕ ಕರಗುವುದಿಲ್ಲ. ಅನಾನಸ್ಸಿನ ಕಿಣ್ವಕ್ಕೂ ಅದು ಜಗ್ಗುವುದಿಲ್ಲ, ಯಾಕೆಂದರೆ ಅದು ಪ್ರೋಟೀನ್ ಅಲ್ಲ, ಕಡಲ ಪಾಚಿಯಿಂದ ಬಂದದ್ದು. ಶಿರಸಿ, ಸಿದ್ದಾಪುರದ ಸಸ್ಯಾಹಾರಿ ಮನೆಗಳಲ್ಲಿ ಹೇಗೂ ಅದೇ ಬೇಕು, ಜೆಲಾಟಿನ್ ಪ್ರಾಣಿಗಳ ಚರ್ಮ, ಮೂಳೆಯಿಂದ ಬರುತ್ತದೆ. ಅರ್ಧ ಲೀಟರಿಗೆ 5 ಗ್ರಾಂ ಎಳೆಯನ್ನು ನೆನೆಸಿ, ನೀರಿನಲ್ಲಿ ಎಳೆ ಕಾಣದಷ್ಟು ಕುದಿಸಿ. ಕೋಕಂ, ಲಿಂಬೆಯಂಥ ಹುಳಿಯನ್ನು ಒಲೆಯಿಂದ ಇಳಿಸಿದ ಮೇಲೆ ಸೇರಿಸಿ. ಹುಳಿಯೊಂದಿಗೆ ಕುದಿಸಿದರೆ ಹಿಡಿತ ಸಡಿಲಾಗುತ್ತದೆ.

ಲಕ್ಷಣ: ಕ್ರೀಂ, ಕಸ್ಟರ್ಡ್ ಕಹಿಯಾಗಿದೆ

ಹಳಸಿದ ಹುಳಿಯಲ್ಲ, ಕಹಿ. ಹಸಿ ಅನಾನಸ್ಸಿನದೇ ಕೆಲಸ. ಅದೇ ಕಿಣ್ವ ಹಾಲಿನ ಪ್ರೋಟೀನನ್ನು ಕತ್ತರಿಸಿದಾಗ ಹುಟ್ಟುವ ತುಣುಕುಗಳು ಕಹಿ. ರಾತ್ರಿ ಇಟ್ಟಷ್ಟೂ ಹೆಚ್ಚುತ್ತದೆ. ಸಕ್ಕರೆ ಹಾಕಿ ಮುಚ್ಚಲು ಹೋಗಬೇಡಿ, ಹೋಗುವುದಿಲ್ಲ. ಮುಂದಿನ ಸಲ ಬೇಯಿಸಿ ಹಾಕಿ.

ಲಕ್ಷಣ: ರಮ್ ಘಾಟು ಮೂಗಿಗೆ ಹೊಡೆಯುತ್ತದೆ

ಟ್ರೈಫಲ್ ಇಂಗ್ಲೆಂಡಿನ ಸಿಹಿ. ಅಲ್ಲಿ ಕೇಕಿಗೆ ಹಾಕುವುದು ಹೆಚ್ಚಾಗಿ ಶೆರಿ ಎಂಬ ದ್ರಾಕ್ಷಿಯ ಮದ್ಯ. ಶೆರಿಯಲ್ಲಿ ಮದ್ಯಸಾರ ಹೆಚ್ಚು ಕಡಿಮೆ ಶೇಕಡಾ 15ರಿಂದ 20. ನಮ್ಮಲ್ಲಿ ಸಿಗುವ ರಮ್, ಬ್ರಾಂಡಿಯ ಬಾಟಲಿಯ ಮೇಲೆ ಸಾಮಾನ್ಯವಾಗಿ 42.8 ಎಂದು ಬರೆದಿರುತ್ತದೆ. ರೆಸಿಪಿಯಲ್ಲಿ 100 ಮಿಲಿ ಶೆರಿ ಎಂದಿದ್ದರೆ ಅಷ್ಟೇ ರಮ್ ಸುರಿಯುವುದು ಎರಡೂವರೆ ಪಟ್ಟು ಜಾಸ್ತಿಯಾಯಿತು. 40 ಮಿಲಿ ರಮ್, ಉಳಿದ 60 ಮಿಲಿ ಹಣ್ಣಿನ ರಸ ಅಥವಾ ಪಾಕ ಎಂದು ಲೆಕ್ಕ ಹಾಕಿ. ಬಾಟಲಿಯ ಮೇಲಿನ ಅಂಕಿ ನೋಡಿ ಈ ಲೆಕ್ಕ ಮಾಡಿಕೊಂಡರೆ ಘಾಟಿನ ದೂರು ಮುಕ್ಕಾಲು ಪಾಲು ಮುಗಿಯುತ್ತದೆ. ಗೋಡಂಬಿ ಫೆನಿಯ ವಾಸನೆ ಬಹಳ ಖಾರ. ಅದು ಇಶಾಡಿನ ಘಮವನ್ನು ಪೂರ್ತಿ ನುಂಗಿಬಿಡುತ್ತದೆ. ಬೇಯಿಸಿದ ಅನಾನಸ್ ಜೊತೆ ಮಾತ್ರ, ಅದೂ ಒಂದೆರಡು ಚಮಚ ಸಾಕು. ಅದಕ್ಕಾಗಿ ಮಾಜಾಳಿ ಚೆಕ್‌ಪೋಸ್ಟ್ ದಾಟಿ ಪರವಾನಗಿ ಇಲ್ಲದೆ ಗೋವಾದ ಬಾಟಲಿ ತರಬೇಡಿ, ಅಬಕಾರಿಯವರು ಹಿಡಿಯುತ್ತಾರೆ.

ಘಾಟು ತಗ್ಗಿಸಲು ಕೆಲವರು ರಮ್ಮನ್ನು ಬಿಸಿಮಾಡುತ್ತಾರೆ. ಮಾಡುವುದಾದರೆ ಪಾಕ ಕುದಿಸಿ, ಗ್ಯಾಸ್ ಪೂರ್ತಿ ಆರಿಸಿ, ಆಮೇಲೆ ಅಳೆದಿಟ್ಟ ರಮ್ ಬೆರೆಸಿ. ಉರಿಯುವ ಒಲೆಯ ಮೇಲೆ ಬಾಟಲಿಯಿಂದ ನೇರ ಸುರಿಯಲೇಬೇಡಿ, ಬೆಂಕಿ ಬಾಟಲಿಗೇ ಹತ್ತಬಹುದು. ಪಾತ್ರೆಯಲ್ಲಿ ಬೆಂಕಿ ಹತ್ತಿದರೆ ಮುಚ್ಚಳ ಹಾಕಿ ಮುಚ್ಚಿ, ಒಲೆ ಆರಿಸಿ, ಪಾತ್ರೆ ಎತ್ತಿಕೊಂಡು ಓಡಬೇಡಿ.

ಲೇಬಲ್ ಇಲ್ಲದ, ಎಲ್ಲಿಯದೆಂದು ಗೊತ್ತಿಲ್ಲದ ಸಾರಾಯಿಯನ್ನು ತಿಂಡಿಗೆ ಹಾಕಬೇಡಿ. ಕಳ್ಳಭಟ್ಟಿಯಲ್ಲಿ ಮೆಥನಾಲ್ ಇರುವ ಅಪಾಯವಿದೆ. ಅದು ಒಳಗೆ ಹೋಗಿ ಕಣ್ಣು ಮಂಜಾದರೆ, ವಾಂತಿ, ಉಸಿರಾಟದ ತೊಂದರೆ ಕಂಡರೆ ಮನೆಮದ್ದು ಹುಡುಕದೆ ನೇರ ಆಸ್ಪತ್ರೆಗೆ ಹೋಗಿ. ಇದು ತಾಸುಗಳ ಲೆಕ್ಕದ ವಿಷಯ.

ಮಕ್ಕಳು, ಬಸುರಿಯರು, ಗಾಡಿ ಓಡಿಸಿಕೊಂಡು ಹೋಗುವವರು, ಮದ್ಯದೊಂದಿಗೆ ಹೊಂದದ ಮಾತ್ರೆ ತಗೊಳ್ಳುವವರು, ಮದ್ಯ ಬಿಟ್ಟವರು, ಮುಟ್ಟದವರು ಊಟಕ್ಕೆ ಇದ್ದೇ ಇರುತ್ತಾರೆ. ಅವರಿಗೆ ಬೇರೆ ಬೌಲು ಮಾಡಿ, ಅದರ ಮೇಲೆ ಚೀಟಿ ಅಂಟಿಸಿ. ಕೇಕಿಗೆ ರಮ್ ಬದಲು ಸಿಹಿ ಕೋಕಂ ಪಾನಕ ಚಿಮುಕಿಸಿದರೆ ಆ ಹುಳಿಸಿಹಿ ಮಾವಿಗೆ ಎಷ್ಟು ಚೆನ್ನಾಗಿ ಹೊಂದುತ್ತದೆ ಎಂದರೆ, ರಮ್ಮಿನ ಬೌಲಿಗಿಂತ ಅದೇ ಮೊದಲು ಖಾಲಿಯಾಗಬೇಕಾದ್ದು ಎಂದು ನಾನು ನಂಬಿದ್ದೇನೆ. ಕೋಕಂ ಕೇಕಿನ ಪದರದಲ್ಲೇ ಇರಲಿ. ಹಸಿ ಕ್ರೀಮಿಗೆ ನೇರ ಬೆರೆಸಿದರೆ ಹುಳಿಗೆ ಕ್ರೀಂ ಗಂಟುಗಟ್ಟುತ್ತದೆ.

ಲಕ್ಷಣ: ಕ್ರೀಂ ಏಳಲಿಲ್ಲ, ಅಥವಾ ಎದ್ದು ಕುಸಿಯಿತು

ಡಬ್ಬಿಯ ಮೇಲೆ ಕೊಬ್ಬು ಎಷ್ಟು ಎಂದು ಓದಿ. ಕಿರಾಣಿ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಫ್ರೆಶ್ ಕ್ರೀಂ ಸಾಮಾನ್ಯವಾಗಿ ಶೇಕಡಾ 25ರದ್ದು. ಎಷ್ಟು ಕಡೆದರೂ ಅದು ಶಿಖರದ ಹಾಗೆ ನಿಲ್ಲುವುದಿಲ್ಲ. ನಿಲ್ಲಲು ಕನಿಷ್ಠ 30, ನಮ್ಮ ಸೆಕೆಗೆ 35 ಬೇಕು. 25ರದ್ದೇ ಇದ್ದರೆ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದ ಗಟ್ಟಿ ಮೊಸರಿನ ಜೊತೆ ಬೆರೆಸಿ ಹರಡಿ. ಮೊಸರು ತೂಗಿಹಾಕುವುದು ಫ್ರಿಜ್ಜಿನೊಳಗೇ ಆಗಲಿ.

ಕೊಬ್ಬು ಸರಿ ಇದ್ದೂ ಏಳದಿದ್ದರೆ ಬಿಸಿಯೇ ಕಾರಣ. ಕ್ರೀಂ, ಪಾತ್ರೆ, ಬೀಟರಿನ ಕಡ್ಡಿ ಮೂರನ್ನೂ ತಣ್ಣಗೆ ಮಾಡಿ. ಪಾತ್ರೆಯನ್ನು ಉಪ್ಪು ಬೆರೆಸಿದ ಐಸಿನ ಮೇಲೆ ಕೂರಿಸಿ ಕಡೆಯಿರಿ. ಕಾಳು ಕಾಳಾದರೆ ಜಾಸ್ತಿ ಕಡೆದಿದ್ದೀರಿ. ಎರಡು ಚಮಚ ಕಡೆಯದ ಕ್ರೀಂ ಹಾಕಿ ಕೈಯಲ್ಲಿ ಮಗುಚಿ. ನೀರು ಬೇರೆಯಾಗಿದ್ದರೆ ಬೆಣ್ಣೆಯಾಯಿತು, ಅದನ್ನು ರೊಟ್ಟಿಗೆ ಬಳಸಿ.

ಎದ್ದ ಕ್ರೀಮಿನ ಮೇಲೆ ಬೆಳಿಗ್ಗೆ ಸಣ್ಣ ಗುಳಿಗಳು, ಗುಳಿಯಲ್ಲಿ ನೀರು ಕಂಡರೆ ಅದು ಮುಚ್ಚಳದಿಂದ ಬಿದ್ದ ಹನಿ. ಬೆಚ್ಚಗಿರುವಾಗಲೇ ಮುಚ್ಚಿದ್ದರಿಂದ ಹಬೆ ಮುಚ್ಚಳಕ್ಕೆ ಹತ್ತಿ ತೊಟ್ಟಿಕ್ಕಿದೆ. ಕಸ್ಟರ್ಡ್ ಪದರ ತಣಿದ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಅದಕ್ಕೇ ತಾಗುವಂತೆ ಮುಚ್ಚಿಡಿ, ಕ್ರೀಮನ್ನು ಬೆಳಿಗ್ಗೆ ಹಾಕಿ. ಮುಂಚಿತವಾಗಿ ಮಾಡುವುದೆಂದರೆ ಎಲ್ಲವನ್ನೂ ರಾತ್ರಿಯೇ ಜೋಡಿಸುವುದಲ್ಲ. ಕೇಕು, ಹಣ್ಣು, ಕಸ್ಟರ್ಡ್ ರಾತ್ರಿಗೆ. ಕ್ರೀಂ, ಬಾದಾಮಿ ಚೂರು, ತಾಜಾ ಹಣ್ಣು ಬಡಿಸುವ ದಿನಕ್ಕೆ.

ಸಣ್ಣಪುಟ್ಟ ಲಕ್ಷಣಗಳು

ಬಾಳೆಹಣ್ಣು, ಸೇಬು, ಚಿಕ್ಕು ಕಪ್ಪಾಗಿದ್ದರೆ ಗಾಳಿ ತಾಗಿದೆ. ತಿನ್ನಲು ಅಡ್ಡಿಯಿಲ್ಲ. ಲಿಂಬೆರಸ ಸವರಿ, ಕಸ್ಟರ್ಡಿನಡಿ ಮುಳುಗಿಸಿ ಇಡಿ. ದಾಳಿಂಬೆ, ನೇರಳೆಯ ಬಣ್ಣ ಇಳಿದು ಕಸ್ಟರ್ಡ್ ಬೂದು ನೀಲಿಯಾಗಿದ್ದರೂ ಅಪಾಯವಿಲ್ಲ. ಹಾಲಿನ ಜೊತೆ ಆ ಬಣ್ಣ ಹಾಗೆ ತಿರುಗುತ್ತದೆ.

ಕ್ರೀಮಿಗೆ ಬಂಗಡೆ ವಾಸನೆ ಹತ್ತಿದ್ದರೆ? ನಮ್ಮ ಮನೆಗಳಲ್ಲಿ ಇದು ನಡೆಯುವ ಮಾತೇ. ಕೊಬ್ಬು ಸುತ್ತಲಿನ ವಾಸನೆಯನ್ನು ಹಿಡಿದುಕೊಳ್ಳುತ್ತದೆ, ಮತ್ತೆ ಬಿಡುವುದಿಲ್ಲ. ಮೇಲಿನ ಪದರ ತೆಗೆದು ಹೊಸ ಕ್ರೀಂ ಹಾಕಿ. ಮುಂದೆ ಮೀನನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಕೆಳಗಿನ ಅಟ್ಟಕ್ಕೆ, ಟ್ರೈಫಲನ್ನು ಮೇಲಿನ ಅಟ್ಟಕ್ಕೆ ಇಡಿ. ಹಸಿ ಮೀನಿನ ನೀರು ಬೌಲಿಗೆ ತೊಟ್ಟಿಕ್ಕಿದ್ದರೆ ಮೇಲಿನ ಪದರ ತೆಗೆದು ಉಳಿಸುವುದಲ್ಲ, ಇಡೀ ಬೌಲನ್ನೇ ಬಿಸಾಡಬೇಕು.

ಲಕ್ಷಣ: ಹುಳಿ ವಾಸನೆ, ಸಣ್ಣ ಗುಳ್ಳೆ, ಲೋಳೆ

ಗಾಜಿನ ಬದಿಯಲ್ಲಿ ಹಣ್ಣಿನ ಸುತ್ತ ಸಾಸಿವೆ ಗಾತ್ರದ ಗುಳ್ಳೆಗಳು ಸಾಲುಗಟ್ಟಿದ್ದರೆ, ಚಮಚ ಎತ್ತಿದಾಗ ಎಳೆ ಬಂದರೆ, ಹಳಸಿದೆ. ಇಲ್ಲಿಗೆ ನಿಲ್ಲಿಸಿ. ಕುದಿಸಿ ಸರಿಮಾಡುವೆ ಎನ್ನಬೇಡಿ. ಕೆಲವು ಸೂಕ್ಷ್ಮಾಣುಗಳು ಬಿಟ್ಟ ವಿಷ ಕುದಿಸಿದರೂ ಹೋಗುವುದಿಲ್ಲ.

ಯಾರಾದರೂ ತಿಂದಾಗಿದ್ದು, ವಾಂತಿ ಭೇದಿ ಶುರುವಾದರೆ ಓಆರ್‌ಎಸ್ ದ್ರಾವಣವನ್ನು ಗುಟುಕು ಗುಟುಕಾಗಿ ಕೊಡಿ. ಕುಡಿದದ್ದೆಲ್ಲ ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ, ಜೋರು ಜ್ವರ ಬಂದರೆ, ಮೂತ್ರ ನಿಂತರೆ, ತಲೆ ತಿರುಗಿ ಏಳಲಾಗದಿದ್ದರೆ ತಡಮಾಡದೆ ವೈದ್ಯರ ಬಳಿ ಹೋಗಿ. ಸಣ್ಣ ಮಕ್ಕಳು, ವಯಸ್ಸಾದವರು, ಬಸುರಿಯರಾದರೆ ಇಷ್ಟು ಕಾಯುವುದೂ ಬೇಡ.

ಲಕ್ಷಣ: ಎಲ್ಲ ಸರಿಮಾಡಿದರೂ ಪ್ರತಿ ಸಲ ಹೀಗೇ

ಆಗ ಅನುಮಾನ ಫ್ರಿಜ್ಜಿನ ಮೇಲೆ. ಬೌಲು ಹಿಂದಿನ ಗೋಡೆಗೆ ತಾಗಿ ಹೆಪ್ಪುಗಟ್ಟುತ್ತಿದೆಯೇ ನೋಡಿ. ಹೆಪ್ಪುಗಟ್ಟಿ ಕರಗಿದ ಪಿಷ್ಟದ ಕಸ್ಟರ್ಡ್ ಹಿಂಡಿದ ಬಟ್ಟೆಯ ಹಾಗೆ ನೀರು ಬಿಡುತ್ತದೆ. ಇದೇ ಕಾರಣಕ್ಕೆ ಟ್ರೈಫಲನ್ನು ಫ್ರೀಜರಿಗೆ ಹಾಕಬಾರದು. ನಡುವಿನ ಅಟ್ಟದಲ್ಲಿ ಒಂದು ಲೋಟ ನೀರು ಇಟ್ಟು, ಅದರಲ್ಲಿ ಫ್ರಿಜ್ ಥರ್ಮಾಮೀಟರ್ ಮುಳುಗಿಸಿ, ರಾತ್ರಿ ಕಳೆದು ಓದಿ. 5 ದಾಟಿದ್ದರೆ ಮೊದಲು ಗುಂಡಿ ಒಂದು ಹೆಜ್ಜೆ ಹೆಚ್ಚಿಸಿ, ಒಳಗೆ ತುರುಕಿದ್ದನ್ನು ಕಡಿಮೆ ಮಾಡಿ. ಆಮೇಲೆ ಬಾಗಿಲಿನ ರಬ್ಬರ್ ನೋಡಿ. ಒಂದು ನೋಟನ್ನು ಬಾಗಿಲಿನ ಸಂದಿಯಲ್ಲಿಟ್ಟು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ತಂಪು ಸೋರುತ್ತಿದೆ. ರಬ್ಬರನ್ನು ಸಾಬೂನು ನೀರಲ್ಲಿ ಒರೆಸಿ ನೋಡಿ, ಗಟ್ಟಿಯಾಗಿ ಸೀಳಿದ್ದರೆ ಬದಲಿಸಬೇಕು.

ಹಿಂಭಾಗದಲ್ಲಿ ತಂತಿಯ ಜಾಲರಿ ಇದ್ದರೆ ಪ್ಲಗ್ ಕಿತ್ತು ದೂಳು ಒರೆಸಿ. ಸಮುದ್ರದ ಉಪ್ಪುಗಾಳಿಗೆ ಆ ಕೊಳವೆಗಳು ಬೇಗ ತುಕ್ಕು ಹಿಡಿಯುತ್ತವೆ. ಕೊಳವೆಯಲ್ಲಿ ತುಕ್ಕಿನ ಹಕ್ಕಳೆ ಎದ್ದಿದ್ದರೆ, ಎಣ್ಣೆ ಜಿನುಗಿದ್ದರೆ, ಮೋಟಾರು ನಿಲ್ಲದೆ ಓಡಿದರೂ ತಣಿಯದಿದ್ದರೆ ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು, ಮೆಕ್ಯಾನಿಕ್‌ಗೆ ಹೇಳಿ. ಕೊಳವೆಯನ್ನು ಕೆರೆಯಬೇಡಿ, ಹಲವು ಫ್ರಿಜ್ಜುಗಳ ಒಳಗಿರುವುದು ಬೆಂಕಿ ಹತ್ತುವ ಅನಿಲ. ಬಾಗಿಲು ಮುಟ್ಟಿದಾಗ ಜುಂ ಎಂದು ಶಾಕ್ ತಾಗಿದರೆ ಮತ್ತೆ ಮುಟ್ಟದೆ ಮೇನ್ ಸ್ವಿಚ್ ಆರಿಸಿ, ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ನೋಡುವ ತನಕ ಆ ಫ್ರಿಜ್ಜನ್ನು ಬಳಸಬೇಡಿ.